ಎಕ್ಸ್‌ಎಸ್‌ಎಲ್‌ಟಿಯಿಂದ ಬಂದ ಧಾರಣೆ ಪುಟ ಬ್ರೌಸರ್‌ನಲ್ಲಿ ಖಾಲಿ ಕಾಣುತ್ತಿದೆ

ಪ್ರಶ್ನೆ (ಕಲಬುರಗಿ):
ಎಲ್ಲರಿಗೂ ಶರಣು. ನಾನು ಇಲ್ಲಿನ ಗಂಜ್‌ನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ದಿನದ ತೊಗರಿ, ಕಡಲೆ ಧಾರಣೆಯನ್ನು ಎಕ್ಸ್‌ಎಂಎಲ್ ಕಡತದಲ್ಲಿ (ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಇಡುವ ಕಡತ) ಬರೆದಿಟ್ಟು, ರೈತರು ಮೊಬೈಲ್‌ನಲ್ಲಿ ನೋಡಲು ಅನುಕೂಲವಾಗುವಂತೆ ಎಕ್ಸ್‌ಎಸ್‌ಎಲ್‌ಟಿ 1.0 (ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ) ಮೂಲಕ ವೆಬ್ ಪುಟವಾಗಿ ಮಾರ್ಪಡಿಸುತ್ತೇನೆ. ಆ ಮಾರ್ಪಾಡು ಮಾಡುವ ಎಕ್ಸ್‌ಎಸ್‌ಎಲ್‌ಟಿಪ್ರೋಕ್ ತಂತ್ರಾಂಶ ಯಾವ ದೋಷವನ್ನೂ ತೋರಿಸುವುದಿಲ್ಲ, ಕಡತವನ್ನು ಎಡಿಟರ್‌ನಲ್ಲಿ ತೆರೆದರೆ ಸಾಲುಗಳೆಲ್ಲ ಇವೆ, ಆದರೆ ಬ್ರೌಸರ್‌ನಲ್ಲಿ ಬರೀ ಬಿಳಿ ಪುಟ. ಫಲಿತಾಂಶ ಶುದ್ಧವಾಗಿರುತ್ತದೆಂದು ನಂಬಿ ಔಟ್‌ಪುಟ್ ಮೆಥಡ್ (ಫಲಿತಾಂಶವನ್ನು ಯಾವ ರೂಪದಲ್ಲಿ ಬರೆಯಬೇಕೆಂಬ ಸೂಚನೆ) ಅನ್ನು 'ಎಕ್ಸ್‌ಎಂಎಲ್' ಎಂದೇ ಕೊಟ್ಟಿದ್ದೇನೆ. ತಪ್ಪು ಎಲ್ಲಿದೆ?

ಉತ್ತರ (ಬೀದರ್):
ತಪ್ಪು ಆ ಮೆಥಡ್‌ನಲ್ಲಿಯೇ ಇದೆ. ಹೊರಗಿನ ಜಾವಾಸ್ಕ್ರಿಪ್ಟ್ ಕಡತವನ್ನು ಕರೆಯುವ ಸ್ಕ್ರಿಪ್ಟ್ ಟ್ಯಾಗ್‌ನ ಒಳಗೆ ಏನೂ ಇರುವುದಿಲ್ಲವಾದ್ದರಿಂದ, ಎಕ್ಸ್‌ಎಂಎಲ್ ವಿಧಾನವು ಅದನ್ನು ಒಂದೇ ಟ್ಯಾಗ್‌ಗೆ ಇಳಿಸಿ ಕೊನೆಯಲ್ಲಿ ಓರೆಗೆರೆ ಹಾಕಿ ಮುಗಿಸುತ್ತದೆ. ಎಚ್‌ಟಿಎಂಎಲ್ ಓದುವ ಬ್ರೌಸರ್ ಆ ಓರೆಗೆರೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಟ್ಯಾಗ್ ಇನ್ನೂ ತೆರೆದಿದೆ ಎಂದು ತಿಳಿದು, ಮುಂದೆ ಬರುವ ತೊಗರಿ ಧಾರಣೆಯೆಲ್ಲವನ್ನೂ ಸ್ಕ್ರಿಪ್ಟ್‌ನ ಒಳಗಿನ ಪಠ್ಯವೆಂದೇ ಓದುತ್ತದೆ. ಮೆಥಡ್ ಅನ್ನು 'ಎಚ್‌ಟಿಎಂಎಲ್' ಎಂದು ಬದಲಿಸಿದರೆ ಸ್ಕ್ರಿಪ್ಟ್‌ಗೆ ಮುಚ್ಚುವ ಟ್ಯಾಗ್ ತಾನಾಗಿಯೇ ಬರುತ್ತದೆ. ಖಾಲಿ ಟ್ಯಾಗ್‌ನೊಳಗೆ ಒಂದು ಸ್ಪೇಸ್ ತುಂಬಿಸಿ ಕೆಲಸ ಸಾಗಿಸುವ ರೂಢಿಯೂ ಇದೆ, ಆದರೆ ಅದನ್ನು ನಾನು ಒಪ್ಪುವುದಿಲ್ಲ. ಆ ಸ್ಪೇಸ್ ಅಲ್ಲಿ ಏಕಿದೆ ಎಂಬುದು ಮುಂದೆ ಕೋಡ್ ತಿದ್ದುವವರಿಗೆ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರು:
ಪುಟ ಈಗ ಕಾಣುತ್ತಿದೆ, ಧನ್ಯವಾದಗಳು. ಆದರೆ ಹೊಸ ಸಾಲಿಗೆ ಹೋಗಲು ಹಾಕುವ ಬಿಆರ್ ಟ್ಯಾಗ್ ಇರುವ ಕಡೆಯೆಲ್ಲ ಎರಡೆರಡು ಸಾಲು ಬಿಟ್ಟಂತೆ ಕಾಣುತ್ತಿದೆ.

ಉತ್ತರ (ಯಾದಗಿರಿ):
ನಿಮ್ಮ ಸ್ಟೈಲ್‌ಶೀಟ್‌ನ (ಎಕ್ಸ್‌ಎಸ್‌ಎಲ್‌ಟಿ ಕಡತದ) ಮೇಲ್ಭಾಗದಲ್ಲಿ ಎಕ್ಸ್‌ಎಚ್‌ಟಿಎಂಎಲ್ ನೇಮ್‌ಸ್ಪೇಸ್ (ಟ್ಯಾಗ್‌ಗಳು ಯಾವ ಭಾಷೆಯವು ಎಂದು ಹೇಳುವ ಗುರುತು) ಇರಬಹುದು, ನೋಡಿರಿ. 1.0ರ ನಿಯಮದಂತೆ ನೇಮ್‌ಸ್ಪೇಸ್ ಇಲ್ಲದ ಟ್ಯಾಗ್‌ಗಳನ್ನು ಮಾತ್ರ ಎಚ್‌ಟಿಎಂಎಲ್ ಎಂದು ಗುರುತಿಸಲಾಗುತ್ತದೆ. ಆದ್ದರಿಂದ ನಿಮ್ಮ ಬಿಆರ್‌ಗೆ ಮುಚ್ಚುವ ಟ್ಯಾಗ್ ಬೇರೆಯಾಗಿ ಬಂದಿದೆ, ಬ್ರೌಸರ್ ಅದನ್ನು ಇನ್ನೊಂದು ಬಿಆರ್ ಎಂದು ಓದಿದೆ. ಆ ನೇಮ್‌ಸ್ಪೇಸ್ ಸಾಲನ್ನು ತೆಗೆದುಹಾಕಿ.

ಪುಟದ ಮೊದಲಲ್ಲಿ ಅದು ಎಚ್‌ಟಿಎಂಎಲ್ ಎಂದು ಸಾರುವ ಡಾಕ್‌ಟೈಪ್ ಸಾಲು ಇಲ್ಲದಿದ್ದರೆ ಬ್ರೌಸರ್ ಕ್ವರ್ಕ್ಸ್ ಮೋಡ್‌ಗೆ (ಹಳೆಯ ಬ್ರೌಸರ್‌ಗಳ ರೀತಿಯಲ್ಲಿ ಪುಟ ತೋರಿಸುವ ವಿಧಾನ) ಹೋಗುತ್ತದೆ ಎಂಬುದನ್ನೂ ಗಮನಿಸಬೇಕು. 1999ರ ಎಕ್ಸ್‌ಎಸ್‌ಎಲ್‌ಟಿ 1.0ಕ್ಕೆ ಇಂದಿನ ಚಿಕ್ಕ ಡಾಕ್‌ಟೈಪ್ ಬರೆಯಲು ಬರುವುದಿಲ್ಲವಾದ್ದರಿಂದ, ಔಟ್‌ಪುಟ್ ಸೂಚನೆಯ ಡಾಕ್‌ಟೈಪ್-ಸಿಸ್ಟಮ್‌ಗೆ 'ಅಬೌಟ್:ಲೆಗಸಿ-ಕಂಪ್ಯಾಟ್' ಎಂಬ ಮೌಲ್ಯ ಕೊಡಿ. ಎಚ್‌ಟಿಎಂಎಲ್ ಮಾನಕವೇ ಇದಕ್ಕೆ ಅವಕಾಶ ಕೊಟ್ಟಿದೆ. 2017ರ ಎಕ್ಸ್‌ಎಸ್‌ಎಲ್‌ಟಿ 3.0 ಬಳಸುವವರಿಗೆ ಎಚ್‌ಟಿಎಂಎಲ್-ವರ್ಷನ್ 5 ಎಂದರೆ ಸಾಕು.

ಉತ್ತರ (ಬೀದರ್):
ಒಂದು ಮಾತು ಸೇರಿಸುತ್ತೇನೆ. ಪ್ಯಾರಾ ಟ್ಯಾಗ್‌ನೊಳಗೆ ಪಟ್ಟಿ ಇಡುವಂಥ ತಪ್ಪುಗಳನ್ನು ಯಾವ ಮೆಥಡ್ ಕೂಡ ಹಿಡಿಯುವುದಿಲ್ಲ. ಆದ್ದರಿಂದ ಬಂದ ಪುಟವನ್ನು ಡಬ್ಲ್ಯೂ3ಸಿ ವ್ಯಾಲಿಡೇಟರ್‌ಗೆ (ಪುಟದ ಎಚ್‌ಟಿಎಂಎಲ್ ತಪ್ಪುಗಳನ್ನು ಹುಡುಕುವ ಸಾಧನ) ಕೊಟ್ಟು ನೋಡಿ.

ಪ್ರಶ್ನೆ ಕೇಳಿದವರು:
ನೇಮ್‌ಸ್ಪೇಸ್ ತೆಗೆದ ಮೇಲೆ ಸಾಲುಗಳು ಸರಿಯಾದವು. ನೀವು ಹೇಳಿದ ಪ್ಯಾರಾದ ತಪ್ಪನ್ನು ವ್ಯಾಲಿಡೇಟರ್ ಎರಡು ಕಡೆ ತೋರಿಸಿದೆ. ಆ ಟೆಂಪ್ಲೇಟ್‌ನಲ್ಲಿ ಪ್ಯಾರಾದ ಬದಲು ಡಿವ್ ಟ್ಯಾಗ್ (ಒಳಗೆ ಪಟ್ಟಿಯನ್ನೂ ಇಡಬಹುದಾದದ್ದು) ಹಾಕುತ್ತಿದ್ದೇನೆ.