ನಾಯಿಯ ಮೈಮೇಲಿನ ಉಣ್ಣಿಗೆ ತೊಗರಿಗೆ ಹೊಡೆಯುವ ಔಷಧಿ ನಡೆಯುತ್ತದೆಯೇ?

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾವಿರುವುದು ಶಹಾಬಾದ್ ಕಲ್ಲಿನಿಂದ ಕಟ್ಟಿದ ಹಳೆಯ ಮನೆಯಲ್ಲಿ. ಮೂರು ವರ್ಷದ ನಾಟಿ ನಾಯಿಯೊಂದನ್ನು ಸಾಕಿದ್ದೇವೆ. ಹೆಸರು ರಾಜಾ, ತೂಕ ಸುಮಾರು 18 ಕಿಲೋ. ಯುಗಾದಿ ಕಳೆದ ಮೇಲೆ ಉಣ್ಣಿಯ ಕಾಟ ವಿಪರೀತವಾಗಿದೆ. ಕಿವಿಯ ಮಡಿಕೆಯಲ್ಲಿ, ಬೆರಳುಗಳ ಸಂದಿಯಲ್ಲಿ ಅವು ರಕ್ತ ಕುಡಿದು ಔಡಲ ಬೀಜದಂತೆ ಉಬ್ಬಿ ಕುಳಿತಿರುತ್ತವೆ. ಭಾನುವಾರ ಮೈ ತೊಳೆದು ಇಪ್ಪತ್ತು ಮೂವತ್ತು ಕಿತ್ತು ಹಾಕಿದರೂ ಬುಧವಾರದ ಹೊತ್ತಿಗೆ ಮತ್ತೆ ಅಷ್ಟೇ ಆಗಿರುತ್ತವೆ. ತೊಗರಿಯ ಕಾಯಿಕೊರಕಕ್ಕೆಂದು ತಂದ ಔಷಧಿ ಮನೆಯಲ್ಲಿ ಉಳಿದಿದೆ. ಅದನ್ನೇ ಒಂದು ಮುಚ್ಚಳ ಬಕೆಟ್ ನೀರಿಗೆ ಬೆರೆಸಿ ಮೈಗೆ ಸುರಿದರೆ ಎಲ್ಲವೂ ಉದುರುತ್ತವೆ, ತಾವು ಎಮ್ಮೆಗೆ ಹಾಗೆಯೇ ಮಾಡುವುದು ಎಂದು ನಮ್ಮ ಕಾಕಾ ಹೇಳುತ್ತಾರೆ. ಇದು ಸರಿಯೇ? ಎರಡು ದಿನದಿಂದ ರಾಜಾ ಹಾಲು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಮೂಲೆಯಲ್ಲಿ ಮಲಗಿರುತ್ತಾನೆ. ಬಿಸಿಲಿಗೆ ಹೀಗಾಗಿದೆ ಎಂಬುದು ಮನೆಯವರ ಅಭಿಪ್ರಾಯ.

ಉತ್ತರ 1 (ಬೀದರ್, ಪಶುವೈದ್ಯ)

ದಯವಿಟ್ಟು ಆ ಬಾಟಲಿಯನ್ನು ನಾಯಿಯ ಹತ್ತಿರಕ್ಕೂ ತರಬೇಡಿ. ಬೆಳೆಗೆ ಹೊಡೆಯುವ ಕೀಟನಾಶಕ ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಅದರ ಮೇಲೆ ನಾಯಿ ತನ್ನ ಮೈಯನ್ನು ತಾನೇ ನೆಕ್ಕುವುದರಿಂದ ಹೊಟ್ಟೆಗೂ ಸೇರುತ್ತದೆ. ಇಂಥ ಹಲವು ಔಷಧಿಗಳಿಂದ ಬಾಯಲ್ಲಿ ಜೊಲ್ಲು ಸುರಿದು, ಮೈ ನಡುಗಿ, ಉಸಿರಾಟಕ್ಕೇ ತೊಂದರೆಯಾಗಿ ನಾಯಿ ಸಾಯಬಹುದು. ಎಮ್ಮೆಗೂ ಅದು ಸುರಕ್ಷಿತವಲ್ಲ ಎಂದು ಕಾಕಾ ಅವರಿಗೆ ತಿಳಿಸಿ.

ಆದರೆ ನನಗೆ ಉಣ್ಣಿಗಿಂತ ಹೆಚ್ಚು ಚಿಂತೆ ಹುಟ್ಟಿಸಿದ್ದು ತಾವು ಕೊನೆಯಲ್ಲಿ ಬರೆದ ಮಾತು. ಉಣ್ಣಿ ಕಚ್ಚಿದ ಒಂದರಿಂದ ಮೂರು ವಾರಗಳಲ್ಲಿ ಎರ್ಲಿಕಿಯಾ ಎಂಬ ಸೂಕ್ಷ್ಮಾಣುವಿನಿಂದ ಉಣ್ಣಿ ಜ್ವರ ಬರಬಹುದು. ಆಗ ರಕ್ತದ ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ. ತುಟಿಯೆತ್ತಿ ಒಸಡನ್ನು ನೋಡಿ. ಅದು ಬಿಳಿಚಿದ್ದರೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆಗಳಿದ್ದರೆ ಅಥವಾ ಮೂಗಿನಿಂದ ರಕ್ತ ಬಂದರೆ ಒಂದು ದಿನವೂ ಕಾಯಬಾರದು. ನಾಯಿಯ ಸಹಜ ಮೈಬಿಸಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ ಕೈಯಿಂದ ಮುಟ್ಟಿ ಜ್ವರವನ್ನು ಅಳೆಯಲಾಗದು. ಇದಕ್ಕಾಗಿ ಇಲ್ಲಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನವರೆಗೆ ಬರಬೇಕಾಗಿಲ್ಲ. ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ತೋರಿಸಿ, ರಕ್ತ ಪರೀಕ್ಷೆಯ ಬಗ್ಗೆ ಕೇಳಿ. ಮನುಷ್ಯರಿಗೆ ಕೊಡುವ ಜ್ವರದ ಮಾತ್ರೆಯನ್ನು ಮಾತ್ರ ಕೊಡಬೇಡಿ.

ಉತ್ತರ 2 (ಶಹಾಪುರ, ಯಾದಗಿರಿ ಜಿಲ್ಲೆ)

ವೈದ್ಯರು ಹೇಳಿದ್ದನ್ನು ಮೊದಲು ಮಾಡಿ. ಉಣ್ಣಿ ಪುನಃ ಪುನಃ ಏಕೆ ಬರುತ್ತದೆ ಎಂಬುದು ನನಗೆ ಎರಡು ಬೇಸಿಗೆ ಕಳೆದ ಮೇಲೆ ತಿಳಿಯಿತು. ರಕ್ತ ಕುಡಿದ ಹೆಣ್ಣು ಉಣ್ಣಿ ನಾಯಿಯಿಂದ ಕೆಳಗೆ ಬಿದ್ದು, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ನಮ್ಮದೂ ಕಲ್ಲಿನ ಮನೆಯೇ. ಒಂದು ರಾತ್ರಿ ಟಾರ್ಚ್ ಹಿಡಿದು ಬಾಗಿಲಿನ ಚೌಕಟ್ಟಿನ ಹಿಂದೆ ನೋಡಿದರೆ, ಎಳ್ಳು ಚೆಲ್ಲಿದಂತೆ ಮರಿಗಳು ಮೇಲಕ್ಕೆ ಹರಿಯುತ್ತಿದ್ದವು! ನಾಯಿ ಮಲಗುವ ಜಾಗದ ಸುತ್ತಲಿನ ಸಂದುಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿಸಿದೆವು, ಹಳೆಯ ಗೋಣಿಚೀಲವನ್ನು ಸುಟ್ಟೆವು, ಹೊಸ ಹಾಸಿಗೆಯನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಒಗೆಯತೊಡಗಿದೆವು. ಇದರ ಜೊತೆಗೆ ವೈದ್ಯರು ತೂಕ ನೋಡಿ ಕೊಟ್ಟ, ಹನ್ನೆರಡು ವಾರ ಕೆಲಸ ಮಾಡುವ ಅಗಿಯುವ ಮಾತ್ರೆಯನ್ನೂ ಹಾಕಿದೆವು. ಬೆಲೆ ಕೇಳಿ ನಾನು ಮೊದಲು ಹಿಂಜರಿದದ್ದು ನಿಜ. ಮೂರ್ಛೆ ಬರುವ ನಾಯಿಯಾದರೆ ಅದನ್ನು ವೈದ್ಯರಿಗೆ ಮುಂಚಿತವಾಗಿಯೇ ಹೇಳಬೇಕು.

ಕೀಳುವಾಗ ಚಿಮಟವನ್ನು ಚರ್ಮಕ್ಕೆ ತಾಗಿಸಿ, ಉಣ್ಣಿಯ ಬಾಯಿಯ ಹತ್ತಿರ ಹಿಡಿದು, ನೇರವಾಗಿ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿಯಿಂದ ಸುಡುವುದು, ಉಗುರಿನಿಂದ ಹೊಸಕುವುದು ಬೇಡ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದೊಯ್ದೆವು. ಜ್ವರ 104 ಇತ್ತು, ಪ್ಲೇಟ್‌ಲೆಟ್ ಕಡಿಮೆಯಾಗಿದ್ದವು. ಬಿಸಿಲಿನ ಬಾಧೆಯಲ್ಲ, ಉಣ್ಣಿ ಜ್ವರವೇ ಎಂದರು. 28 ದಿನಗಳಿಗೆ ಡಾಕ್ಸಿಸೈಕ್ಲಿನ್ ಬರೆದುಕೊಟ್ಟಿದ್ದಾರೆ. ಕಾಕಾ ಬಾಟಲಿಯನ್ನು ಹೊಲದ ಕೋಣೆಗೆ ಒಯ್ದು ಬೀಗ ಹಾಕಿ ಬಂದರು. ಈ ಮಾತ್ರೆಯನ್ನು ಹಾಲು ರೊಟ್ಟಿಯಲ್ಲಿ ಕಲಸಿ ಕೊಡಬಹುದೇ?

ಉತ್ತರ 1 (ಬೀದರ್, ಪಶುವೈದ್ಯ)

ಹಾಲಿನಲ್ಲಿ ಬೇಡ, ಅದರಲ್ಲಿರುವ ಕ್ಯಾಲ್ಸಿಯಂ ಔಷಧಿ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ. ಮೆತ್ತನೆಯ ರೊಟ್ಟಿಯ ತುಣುಕಿನಲ್ಲಿ ಮಡಚಿ ಕೊಟ್ಟು, ಮೇಲೆ ಸ್ವಲ್ಪ ನೀರು ಕುಡಿಸಿ. ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣಾಗುತ್ತದೆ. ಮೂರ್ನಾಲ್ಕು ದಿನಗಳಲ್ಲಿ ರಾಜಾ ಮೊದಲಿನಂತೆ ಉಂಡು ಓಡಾಡಲು ತೊಡಗಬಹುದು; ಆಗ ಮಾತ್ರೆ ನಿಲ್ಲಿಸದೆ 28 ದಿನವೂ ಕೊಡಿ, ಮುಗಿದ ಮೇಲೆ ರಕ್ತವನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿ.