ಕಾಂಪೋಸಿಟ್ ಹಲಗೆಯ ‘ಫಾಸ್ಟನರ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ತಯಾರಿಸುವ ಡೆಕ್ (ಹೊರಾಂಗಣದ ಹಲಗೆ ನೆಲ) ಹಲಗೆಗಳ ಜೋಡಣೆಯ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದು, ನಾಳೆ ಅಚ್ಚಿಗೆ ಕೊಡಬೇಕಾಗಿದೆ. ಹಲಗೆಯ ಮೈಮೇಲಿಂದ ಹಾಕುವ ಸ್ಕ್ರೂ, ಅಂಚಿನ ಕಚ್ಚಿನೊಳಗೆ ಕಾಣದಂತೆ ಕೂರುವ ಕ್ಲಿಪ್, ಸ್ಕ್ರೂವಿನ ತಲೆಯನ್ನು ಮರೆಮಾಡುವ ಬಿರಡೆ, ಈ ಮೂರನ್ನೂ ಒಳಗೊಳ್ಳುವ ಪದ ಬೇಕು. ‘ಬಂಧಕ’ ಎಂದು ಬರೆದಿಟ್ಟಿದ್ದೇನೆ. ಸರಿಯಾದೀತೇ?

ಉತ್ತರ 1

ಆಗದು. ‘ಬಿಗಿ’ ಎಂಬ ಅಚ್ಚಗನ್ನಡ ಧಾತುವಿರುವಾಗ ಸಂಸ್ಕೃತದ ಬಾಗಿಲು ತಟ್ಟುವುದೇಕೆ? ‘ಬಿಗಿಪು’ ಎನ್ನಿ. ಸ್ಕ್ರೂವನ್ನೂ ಕೈಬಿಟ್ಟು ‘ತಿರುಪು’ ಬಳಸಿ. ತಿರಿ ಎಂದರೆ ಸುತ್ತು. ತಿರುಗು, ತಿರುವು, ತಿರುಪು ಎಲ್ಲವೂ ಆ ಬೇರಿನವೇ, ಮನೆಮನೆ ಸುತ್ತಿ ಬೇಡುವ ತಿರುಪೆಯೂ ಸಹ.

ಉತ್ತರ 2

ಎರಡು ಸಲಹೆಗಳೂ ವಸ್ತುವನ್ನು ನೋಡದೆ ಹುಟ್ಟಿದವು. ಈ ಹಲಗೆಯಲ್ಲಿ ಮರದ ಪುಡಿಯನ್ನು ಹಿಡಿದಿಡುವುದು ಪ್ಲಾಸ್ಟಿಕ್. ‘ಬಂಧಕ’ ಎಂಬ ಹೆಸರು ಅದಕ್ಕೇ ಸಲ್ಲಬೇಕು. ‘ಬಿಗಿಪು’ ಅದಕ್ಕಿಂತ ಅಪಾಯಕಾರಿ. ಮರದ ಹಲಗೆ ಉದ್ದದಲ್ಲಿ ಹೆಚ್ಚು ಬದಲಾಗುವುದಿಲ್ಲ. ಈ ಕಾಂಪೋಸಿಟ್ ಹಲಗೆ ಬಿಸಿಲಿಗೆ ಉದ್ದುದ್ದಕ್ಕೆ ಹಿಗ್ಗಿ ತಂಪಿಗೆ ಕುಗ್ಗುವುದರಿಂದ, ಕ್ಲಿಪ್ ಇದನ್ನು ಮೇಲೇಳದಂತೆ ಹಿಡಿದು, ಉದ್ದಕ್ಕೆ ತುಸು ಸರಿಯಲು ಬಿಡುತ್ತದೆ. ಅದನ್ನು ‘ಬಿಗಿಪು’ ಎಂದರೆ ಓದಿದವನು ಬಿಗಿದೇ ಬಿಡುತ್ತಾನೆ. ಮೈಮೇಲಿನ ಸ್ಕ್ರೂವನ್ನು ಕೂಡ ತಲೆ ಹಲಗೆಗೆ ಸಮವಾದೊಡನೆ ನಿಲ್ಲಿಸಬೇಕು. ಮಾಮೂಲಿ ಸ್ಕ್ರೂ ಹಾಕಿದರೆ ತಲೆಯ ಸುತ್ತ ಹಲಗೆ ಅಣಬೆಯಂತೆ ಉಬ್ಬುತ್ತದೆ. ಈ ಹಲಗೆಗೆಂದೇ ಮಾಡಿದ ಹಲವು ಸ್ಕ್ರೂಗಳಲ್ಲಿ ತಲೆಯ ಕೆಳಗೆ ಎದುರು ದಿಕ್ಕಿನ ಥ್ರೆಡ್ (ಸುರುಳಿ ಹಲ್ಲು) ಇರುವುದು ಈ ಉಬ್ಬನ್ನು ತಡೆಯುವುದಕ್ಕೆ. ಇನ್ನು ಬಿರಡೆಯಂತೂ ಏನನ್ನೂ ಹಿಡಿಯುವುದಿಲ್ಲ, ಬರಿದೇ ಮುಚ್ಚುತ್ತದೆ. ಹಾಗಿರುವಾಗ ಮೂರಕ್ಕೂ ಒಂದೇ ಟೋಪಿ ಏಕೆ? ‘ಸ್ಕ್ರೂ ಮತ್ತು ಕ್ಲಿಪ್‌ಗಳ ಆಯ್ಕೆ’ ಎಂದು ಶೀರ್ಷಿಕೆ ಕೊಟ್ಟು, ಬಿರಡೆಯನ್ನು ಸ್ಕ್ರೂವಿನ ಕೆಳಗೆ ವಿವರಿಸಿ.

ಅಂದಹಾಗೆ, ಸ್ಟೇನ್‌ಲೆಸ್ ಸ್ಟೀಲನ್ನು ‘ತುಕ್ಕು ಹಿಡಿಯದ ಉಕ್ಕು’ ಎಂದು ಅನುವಾದಿಸಬೇಡಿ. ಕಡಲಂಚಿನ ಉಪ್ಪುಗಾಳಿಗೆ 304 ದರ್ಜೆಯದೂ ಕಲೆಗಟ್ಟುತ್ತದೆ. ಅಲ್ಲಿಗೆ 316 ಬೇಕಾಗುತ್ತದೆ. ‘ತುಕ್ಕು ತಡೆಯುವ’ ಎಂದರೆ ಸಾಕು.

ಉತ್ತರ 3

ಕ್ಲಿಪ್ಪಿಗೆ ‘ಕೊಂಡಿ’ ಇತ್ತು. ಸಾಲದ ಪದಗಳನ್ನು ಸಾಲಾಗಿ ಜೋಡಿಸುವುದಾದರೆ ಅನುವಾದಕರೇಕೆ, ಲಿಪಿ ಬದಲಿಸುವ ಯಂತ್ರ ಸಾಕು. ಇಂದು ಸ್ಕ್ರೂ ಬಿಟ್ಟೆವು, ನಾಳೆ ಹಲಗೆಯೂ ‘ಬೋರ್ಡ್’ ಆಗುತ್ತದೆ.

ಉತ್ತರ 4

ಹಲಗೆ ಜನರ ಬಾಯಲ್ಲಿದೆ, ಆದ್ದರಿಂದ ಉಳಿಯುತ್ತದೆ. ‘ತಿರುಪು’ ನಿಘಂಟಿನಲ್ಲಿದೆ, ಡಬ್ಬಿಯ ಮೇಲೆ ‘ಸ್ಕ್ರೂ’ ಎಂದು ಅಚ್ಚಾಗಿರುತ್ತದೆ. ಕೊಂಡಿ ಎಂದರೆ ಒಂದನ್ನೊಂದು ತಗುಲಿಸುವುದು. ಈ ಕ್ಲಿಪ್ ಕೂರುವುದು ಎರಡು ಹಲಗೆಗಳ ನಡುವೆ, ಅದನ್ನು ಸ್ಕ್ರೂ ಹಾಕಿ ಹಿಡಿಸುವುದು ಕೆಳಗಿನ ಜಂತೆಗೆ. ಕೇಳಿದವರು ನಾಳೆ ಅಚ್ಚಿಗೆ ಕೊಡಬೇಕಾಗಿದೆ. ಸಾಲದ ಪದಗಳ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ.