ಎರಡನೇ ಪಂಕ್ತಿಗೆ ಕಾಯುತ್ತಾ ಎರಡು ಸಾವಿರದ ಮಾತು

ಮಂಡ್ಯ ಕಡೆಯ ಬೀಗರೂಟದಲ್ಲಿ ಮೊದಲನೇ ಪಂಕ್ತಿ ಸಿಗದವರು ಏನು ಮಾಡುತ್ತಾರೆ? ದೇಶದ ಆರ್ಥಿಕತೆ ರಿಪೇರಿ ಮಾಡುತ್ತಾರೆ. ಮಟನ್ ಸಾರಿನ ವಾಸನೆ ಮೂಗಿಗೆ ಹೊಡೆಯುತ್ತಿರುತ್ತದೆ. ಎಲೆ ಮುಂದೆ ಕೂತವರು ಮಾತ್ರ ಮೂಳೆ ಚೀಪುತ್ತಾ ಏಳುವ ಲಕ್ಷಣವೇ ತೋರಿಸುವುದಿಲ್ಲ. ಅಂಥ ಹೊತ್ತಿನಲ್ಲಿ ಶಾಮಿಯಾನದ ಕೆಳಗೆ ಕುರ್ಚಿ ಎಳೆದುಕೊಂಡು ಕೂತಿದ್ದವರು ಗೌಡರು, ರಿಟೈರ್ ಆದ ಮೇಷ್ಟ್ರು, ಆನ್‌ಲೈನ್ ಅಂಗಡಿ ಇಟ್ಟಿರುವ ರಾಜು ಮತ್ತು ನಾನು. ಪಕ್ಕದ ಟೇಬಲ್ಲಿನಲ್ಲಿ ಜಯಕ್ಕ ಮುಯ್ಯಿ ಬರೆಯುತ್ತಿದ್ದರು.

ಕಿಡಿ ಹಚ್ಚಿದ್ದು ಗೌಡರು. "ಈ ಗೃಹಲಕ್ಷ್ಮಿ ಬಂದ ಮೇಲೆ ಕಬ್ಬು ಕಡಿಯೋಕೆ ಆಳೇ ಸಿಗುತ್ತಿಲ್ಲ ಕಣ್ರಯ್ಯಾ. ಕೂತಲ್ಲಿಗೇ ದುಡ್ಡು ಬಂದರೆ ಯಾರು ಬಗ್ಗಿ ಕೆಲಸ ಮಾಡುತ್ತಾರೆ?"

"ಗೌಡ್ರೇ, ನಿಮ್ಮ ಕಬ್ಬು ಕಡಿಯುವವರು ಬಳ್ಳಾರಿ ಕಡೆಯಿಂದ ಬರುವ ಗ್ಯಾಂಗು. ಅದರಲ್ಲಿ ಗೃಹಲಕ್ಷ್ಮಿಯ ತಪ್ಪೇನು?" ಅಂದ ರಾಜು. "ಅದೂ ಅಲ್ಲದೆ ನೀವು ಮೊದಲೂ ಇದನ್ನೇ ಹೇಳುತ್ತಿದ್ದಿರಿ. ಆಗ ನರೇಗಾ ಮೇಲೆ ಹಾಕುತ್ತಿದ್ದಿರಿ."

ಗೌಡರು ಸೋಲುವವರಲ್ಲ. "ಹೋಗಲಿ ಬಿಡು. ದುಡ್ಡು ಕೈಗೆ ಕೊಟ್ಟರೆ ಬಡವರು ಏನು ಮಾಡುತ್ತಾರೆ? ಕುಡಿಯುತ್ತಾರೆ. ಅಷ್ಟೇ." ಹಾಗೆ ಹೇಳುವಾಗ ಅವರ ಪಂಚೆಯ ಸೊಂಟದ ಹತ್ತಿರ ಒಂದು ಕ್ವಾರ್ಟರ್ ಬಾಟಲಿಯ ಮೂತಿ ಇಣುಕುತ್ತಿತ್ತು. ಬೀಗರೂಟ ಅಲ್ವಾ, ಯಾರೂ ಏನೂ ಅನ್ನಲಿಲ್ಲ.

ಮೇಷ್ಟ್ರಿಗೆ ಇಂಥದ್ದೇ ಬೇಕಿತ್ತು. ರಿಟೈರ್ ಆದ ಮೇಲೆ ಅವರು ಮೊಬೈಲಿನಲ್ಲಿ ಏನೇನೋ ಓದುತ್ತಾರೆ. "ಲೆಕ್ಕ ಹಾಕಿ ನೋಡಿದ್ದಾರೆ ಗೌಡ್ರೇ. ಬೇರೆ ಬೇರೆ ದೇಶಗಳಲ್ಲಿ ಹೀಗೆ ದುಡ್ಡು ಕೊಟ್ಟ ಕಡೆಯ ಅಧ್ಯಯನಗಳನ್ನೆಲ್ಲ ವಿಶ್ವಬ್ಯಾಂಕಿನವರು 2014ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಹೆಂಡ, ಬೀಡಿ, ಸಿಗರೇಟಿನ ಖರ್ಚು ಏರಲಿಲ್ಲ. ಎಷ್ಟೋ ಕಡೆ ಇಳಿದೇ ಇತ್ತು."

"ವಿಶ್ವಬ್ಯಾಂಕಿನವರು ನಮ್ಮೂರಿಗೆ ಬಂದಿದ್ದರಾ?"

"ಬಂದಿದ್ದರೆ ಲೆಕ್ಕ ಕೆಡುತ್ತಿತ್ತು" ಅಂದ ರಾಜು, ಬಾಟಲಿಯ ಕಡೆ ನೋಡುತ್ತಾ.

ಆಮೇಲೆ ಮೇಷ್ಟ್ರು ಕೀನ್ಯಾಕ್ಕೆ ಹೊರಟರು. ಅಲ್ಲಿ ವಿಕ್ಟೋರಿಯಾ ಸರೋವರದ ಹತ್ತಿರ ಸಿಯಾಯಾ ಅಂತ ಒಂದು ಜಿಲ್ಲೆ. ಗಿವ್‌ಡೈರೆಕ್ಟ್ಲಿ ಅನ್ನುವ ಸಂಸ್ಥೆ ಅಲ್ಲಿನ ಹತ್ತು ಸಾವಿರಕ್ಕೂ ಹೆಚ್ಚು ಬಡ ಮನೆಗಳಿಗೆ ತಲಾ ಸುಮಾರು 1000 ಡಾಲರ್ ಕೊಟ್ಟಿತು. ಅಂದರೆ ಒಂದು ಮನೆಯ ವರ್ಷದ ಖರ್ಚಿನ ಮುಕ್ಕಾಲು ಭಾಗ. ಸಾಲ ಅಲ್ಲ, ಬಡ್ಡಿ ಇಲ್ಲ, ಇಂಥದ್ದಕ್ಕೇ ಖರ್ಚು ಮಾಡಿ ಅನ್ನುವ ಷರತ್ತೂ ಇಲ್ಲ. ದುಡ್ಡು ಬರುವುದು ಮೊಬೈಲಿಗೆ. ಎಂ-ಪೆಸಾ ಅಂತ ಅವರದು 2007ರಲ್ಲೇ ಶುರುವಾಗಿತ್ತು. ಆಗ ನಾವಿಲ್ಲಿ ಮಿಸ್ಡ್ ಕಾಲ್ ಕೊಟ್ಟು ದುಡ್ಡು ಉಳಿಸುತ್ತಿದ್ದೆವು.

"ಬಡವರು ಯಾರು ಅಂತ ಹೇಗೆ ಗೊತ್ತಾಯಿತಂತೆ? ಬಿಪಿಎಲ್ ಕಾರ್ಡಾ?" ಗೌಡರ ಪ್ರಶ್ನೆ.

"ಮನೆಯ ಮಾಡು ನೋಡಿ. ಹುಲ್ಲಿನ ಮಾಡು ಇದ್ದರೆ ಕೊಡುವುದು. ತಗಡು ಇದ್ದರೆ ಇಲ್ಲ."

ಗೌಡರು ತೊಡೆ ತಟ್ಟಿ ನಕ್ಕರು. "ನಮ್ಮಲ್ಲಿ ಹಾಗೆ ಅಂದಿದ್ದರೆ ಒಂದೇ ರಾತ್ರಿಯಲ್ಲಿ ಊರಿನ ಶೀಟೆಲ್ಲ ಅಟ್ಟ ಸೇರುತ್ತಿತ್ತು. ಕಬ್ಬಿನ ಸೋಗೆ ಹೊದಿಸಿಕೊಂಡು, ಆರ್‌ಸಿಸಿ ಮನೆಯವನೂ ಗುಡಿಸಲಿನ ಮುಂದೆ ನಿಂತು ಫೋಟೊ ಹೊಡೆಸಿಕೊಳ್ಳುತ್ತಿದ್ದ."

ಇದನ್ನು ಒಪ್ಪಲೇಬೇಕು. ನಮ್ಮೂರ ಜನರ ಬುದ್ಧಿಯ ಮೇಲೆ ಗೌಡರಿಗೆ ಇರುವಷ್ಟು ನಂಬಿಕೆ ನನಗೂ ಇದೆ.

ಆದರೆ ಆ ದುಡ್ಡಿನಲ್ಲಿ ಕೀನ್ಯಾದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತಗಡು ಹಾಕಿಸಿದ್ದು. ಹುಲ್ಲಿನ ಮಾಡಿಗೆ ಮತ್ತೆ ಮತ್ತೆ ಹುಲ್ಲು ಹೊದಿಸಬೇಕು, ಆ ಖರ್ಚು ತಪ್ಪಿತು. ದನ ಕೊಂಡರು, ಸಣ್ಣ ಅಂಗಡಿ ಹಾಕಿದರು. ಮೇಷ್ಟ್ರು ಇಲ್ಲಿಗೆ ಬರುವಷ್ಟರಲ್ಲಿ ಗೌಡರಿಗೆ ಇನ್ನೊಂದು ಅನುಮಾನ ಹುಟ್ಟಿತು. "ಎಲ್ಲರ ಕೈಲೂ ದುಡ್ಡು ಓಡಾಡಿದರೆ ಅಂಗಡಿಯವನು ರೇಟು ಏರಿಸುವುದಿಲ್ವಾ?"

ಒಳ್ಳೆಯ ಪ್ರಶ್ನೆ. ಅಲ್ಲಿ ಅದನ್ನೂ ನೋಡಿದ್ದಾರೆ. ಅಂಗಡಿ ಅಂಗಡಿಗೆ ಹೋಗಿ ರೇಟು ಬರೆದುಕೊಂಡರೆ, ಬೆಲೆ ಏರಿದ್ದು ಬರೀ ಶೇ. 0.1ರಷ್ಟು. ಕೊಟ್ಟ ಒಂದೊಂದು ಡಾಲರಿಗೆ ಆ ಊರುಗಳ ವಹಿವಾಟು ಸುಮಾರು ಎರಡೂವರೆ ಡಾಲರಿನಷ್ಟು ಬೆಳೆದಿತ್ತು. ದುಡ್ಡು ಸಿಗದ ಮನೆಯವರ ಕೈಯಲ್ಲೂ ಖರ್ಚಿಗೆ ಜಾಸ್ತಿ ಓಡಾಡಿತು.

"ಒಂದು ಎರಡೂವರೆ ಆಗುವುದಾ? ಅದು ಇಸ್ಪೀಟಿನಲ್ಲೂ ಆಗುವುದಿಲ್ಲ."

"ನಮ್ಮ ರಾಗಿ ಮಿಲ್ಲು ನೋಡಿ ಗೌಡ್ರೇ" ಅಂದರು ಮೇಷ್ಟ್ರು. "ಅರ್ಧ ದಿನ ಸುಮ್ನೆ ನಿಂತಿರುತ್ತದೆ, ಮಿಲ್ಲಿನವನು ಕೂತು ತೂಕಡಿಸುತ್ತಿರುತ್ತಾನೆ. ಜನ ಜಾಸ್ತಿ ರಾಗಿ ತಂದರೆ ಹೊಸ ಮಿಷನ್ ಬೇಡ, ಅವನು ಎದ್ದರೆ ಸಾಕು. ಆಗ ರೇಟು ಯಾಕೆ ಏರಿಸುತ್ತಾನೆ? ಬಂದ ದುಡ್ಡನ್ನು ಅವನು ಟೈಲರಿಗೆ ಕೊಡುತ್ತಾನೆ, ಟೈಲರು ಕೋಳಿ ಅಂಗಡಿಗೆ ಕೊಡುತ್ತಾನೆ."

"ಮಿಲ್ಲಿನವನು ಏಳುವುದೇ ಕಷ್ಟ" ಅಂದ ರಾಜು. ಮಿಲ್ಲಿನವನು ಅವನ ಭಾವಮೈದ.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಬಣ್ಣದ ಕಾಗದ ಸುತ್ತಿದ ಒಂದು ದುಂಡನೆಯ ಡಬ್ಬ ತಂದು ಮುಯ್ಯಿ ಟೇಬಲ್ಲಿನ ಮೇಲೆ ಇಟ್ಟರು. ಒಳಗೆ ಏನಿದೆ ಅಂತ ಬಿಚ್ಚಬೇಕಾಗಿಯೇ ಇಲ್ಲ. ಟಿಕ್ ಟಿಕ್ ಅನ್ನುತ್ತಿತ್ತು. ನನ್ನ ಮದುವೆಯಲ್ಲೂ ಏಳೋ ಎಂಟೋ ಗೋಡೆ ಗಡಿಯಾರ ಬಂದಿದ್ದವು, ಇದ್ದದ್ದು ಎರಡೇ ಗೋಡೆ. ನನಗೆ ಆಗ ಬೇಕಾಗಿದ್ದದ್ದು ಪಂಪ್‌ಸೆಟ್ಟಿನ ಮೋಟಾರ್ ಕಟ್ಟಿಸುವುದಕ್ಕೆ ದುಡ್ಡು. ಮುಯ್ಯಿಯ ಕವರುಗಳಿಂದ ಮೋಟಾರ್ ತಿರುಗಿತು. ಗಡಿಯಾರಗಳು ಬೇರೆಯವರ ಮದುವೆಗಳಿಗೆ ಹೋದವು. ಬಡವರಿಗೆ ಏನು ಬೇಕು ಅಂತ ಮೇಲೆ ಕೂತು ತೀರ್ಮಾನ ಮಾಡಿ ಸಾಮಾನು ಹಂಚುವವರನ್ನು ಕಂಡಾಗೆಲ್ಲ ನನಗೆ ಆ ಗಡಿಯಾರಗಳೇ ನೆನಪಾಗುತ್ತವೆ.

ಇದನ್ನು ಹೇಳಿದೆ. ಗೌಡರು ಬಿಡಲಿಲ್ಲ. "ಮುಯ್ಯಿ ಬೇರೆ. ಅದನ್ನು ಬರೆದಿಟ್ಟು ವಾಪಸ್ ಹಾಕಬೇಕು. ಸರ್ಕಾರದ ದುಡ್ಡು ವಾಪಸ್ ಕೊಡಬೇಕಾ?"

"ಕೊಡಬೇಕಲ್ಲ, ಐದು ವರ್ಷಕ್ಕೊಂದು ಸಲ. ಬೆರಳಿಗೆ ಇಂಕು ಹಾಕಿಸಿಕೊಂಡು" ಅಂದ ರಾಜು.

ಜಯಕ್ಕ ಇಷ್ಟು ಹೊತ್ತು ತಲೆ ಎತ್ತಿರಲಿಲ್ಲ. ಈಗ ಎತ್ತಿದರು. "ದುಡ್ಡೇ ಎಲ್ಲದಕ್ಕೂ ಸರಿ ಅನ್ನಬೇಡಿ ಕಣ್ರಪ್ಪಾ. 2023ರಲ್ಲಿ ಅನ್ನಭಾಗ್ಯದ ಐದು ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಹಾಕಿದರಲ್ಲ, ಕೆಜಿಗೆ 34ರ ಲೆಕ್ಕ. ಯಾವ ಅಂಗಡಿಯವನು 34ಕ್ಕೆ ಊಟದ ಅಕ್ಕಿ ಕೊಟ್ಟ? ಆಮೇಲೆ 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಟ್ಟರು. ನಮಗೆ ಅದೇ ಒಳ್ಳೆಯದಾಯಿತು."

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಾದರು. ಬಾಯಿ ಮುಚ್ಚಿಸುವ ಶಕ್ತಿ ಜಯಕ್ಕನಿಗೆ ಹುಟ್ಟಿನಿಂದಲೇ ಬಂದದ್ದು.

ಗೌಡರಿಗೆ ಖುಷಿಯೋ ಖುಷಿ. "ನೋಡಿದಿರಾ! ನನಗೂ ಕಿಸಾನ್ ಸಮ್ಮಾನ್ ಅಂತ ಕೇಂದ್ರದವರು ವರ್ಷಕ್ಕೆ ಆರು ಸಾವಿರ ಹಾಕುತ್ತೀವಿ ಅಂದರು. ಎರಡು ಸಾವಿರದಂತೆ ಮೂರು ಸಲ. 2019ರಲ್ಲಿ ಭಾಷಣ ಕೇಳಿದ್ದು ನಾನೇ. ಬಂತಾ? ಒಂದು ಕಾಸು ಬಂದಿಲ್ಲ."

ರಾಜು ಗಂಟಲು ಸರಿ ಮಾಡಿಕೊಂಡ. "ಬಂದಿದೆ ಗೌಡ್ರೇ. ಹೋದ ವಾರ ನಿಮ್ಮ ಆಧಾರ್ ಹಾಕಿ ನೋಡಿದೆನಲ್ಲ. ಒಡವೆ ಸಾಲಕ್ಕೆ ಅಂತ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದಿರಿ. ಆಧಾರ್ ಕೊನೆಗೆ ಲಿಂಕ್ ಆಗಿದ್ದು ಅಲ್ಲಿ. ಈ ದುಡ್ಡು ಖಾತೆ ನಂಬರ್ ನೋಡಿಕೊಂಡು ಬರುವುದಿಲ್ಲ, ಆಧಾರ್ ಎಲ್ಲಿ ಲಿಂಕ್ ಇದೆಯೋ ಅಲ್ಲಿಗೆ ಹೋಗುತ್ತದೆ. ಎಲ್ಲ ಕಂತೂ ಅಲ್ಲೇ ಬಿದ್ದಿದೆ."

ಗೌಡರ ಮುಖದಲ್ಲಿ ಮೊದಲು ಸಂತೋಷ, ಆಮೇಲೆ ಭಯ. "ಇದನ್ನು ಮನೆಯಲ್ಲಿ ಹೇಳಿದೆಯಾ?"

"ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದದ್ದೇ ಅಮ್ಮಾವ್ರು."

ನಕ್ಕು ನಕ್ಕು ಮೇಷ್ಟ್ರ ಎಲೆ ಅಡಿಕೆ ನೆತ್ತಿಗೆ ಹತ್ತಿತು. ಆದರೆ ಈ ಲಿಂಕಿನ ಕತೆ ಎಲ್ಲರಿಗೂ ನಗುವಂಥದ್ದಲ್ಲ. ಗೌಡರಿಗೆ ಎರಡು ಬ್ಯಾಂಕ್ ಉಂಟು, ರಾಜು ಉಂಟು. ಕೂಲಿಗೆ ಹೋಗುವ ಹೆಂಗಸು ಒಂದು ದಿನದ ಕೂಲಿ ಬಿಟ್ಟು ಬ್ಯಾಂಕಿನ ಬಾಗಿಲಿಗೆ ಹೋಗಿ, "ಸರ್ವರ್ ಇಲ್ಲ" ಅನ್ನಿಸಿಕೊಂಡು ಬರುತ್ತಾಳೆ. ನೇರವಾಗಿ ಬರುವ ದುಡ್ಡಿಗೂ ದಾರಿಯಲ್ಲಿ ತಿರುವುಗಳಿವೆ.

ಕೆಮ್ಮು ನಿಂತ ಮೇಲೆ ಮೇಷ್ಟ್ರು ತಮ್ಮ ಕೊನೆಯ ಬಾಣ ತೆಗೆದರು. ಕೀನ್ಯಾದಲ್ಲೇ ಇನ್ನೊಂದು ಪರೀಕ್ಷೆ ನಡೆಯುತ್ತಿದೆ. ಅದನ್ನು ನೋಡುತ್ತಿರುವವರಲ್ಲಿ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿಯೂ ಒಬ್ಬರು. ಕೆಲವು ಊರುಗಳಿಗೆ ಹನ್ನೆರಡು ವರ್ಷ ತಿಂಗಳು ತಿಂಗಳು ದುಡ್ಡು. ಕೆಲವಕ್ಕೆ ಎರಡೇ ವರ್ಷ. ಇನ್ನು ಕೆಲವಕ್ಕೆ ಆ ಎರಡು ವರ್ಷದ್ದನ್ನು ಒಟ್ಟಿಗೆ, ಸುಮಾರು 500 ಡಾಲರ್. ಇಡಿಗಂಟು ಸಿಕ್ಕವರು ಅಂಗಡಿ, ವ್ಯಾಪಾರ ಅಂತ ಜಾಸ್ತಿ ಕೈ ಹಾಕಿದರು. ಎರಡು ವರ್ಷದ ತಿಂಗಳ ದುಡ್ಡಿನವರು ಅಷ್ಟು ಮಾಡಲಿಲ್ಲ. ಆದರೆ ಹನ್ನೆರಡು ವರ್ಷದವರು ತಿಂಗಳ ದುಡ್ಡಿನಲ್ಲೇ ವ್ಯಾಪಾರ ಕಟ್ಟಿದರು.

"ಹೇಗೆ?" ಅಂದೆ ನಾನು.

"ಚೀಟಿ ಹಾಕಿದರಂತೆ."

ಜಯಕ್ಕ ಪೆನ್ನು ಕೆಳಗಿಟ್ಟು ಕೇಳಿದರು. "ಇದನ್ನು ಕಂಡುಹಿಡಿಯೋಕೆ ನೊಬೆಲ್ ಬಂದವರು ಬೇಕಿತ್ತಾ? ನಾವು ಮಾಡುತ್ತಿರುವುದು ಇನ್ನೇನು?"

ಮಾಡುತ್ತಿರುವುದು ಹೀಗೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯಿತಲ್ಲ, ಮನೆಯೊಡತಿಗೆ ತಿಂಗಳಿಗೆ ಎರಡು ಸಾವಿರ. ಒಂದಷ್ಟು ತಿಂಗಳು ಆ ದುಡ್ಡು ದಿನಸಿಗೆ, ಗ್ಯಾಸಿಗೆ, ಮಾತ್ರೆಗೆ ಕರಗಿತು. ಆಮೇಲೆ ಜಯಕ್ಕ ಇಪ್ಪತ್ತು ಹೆಂಗಸರನ್ನು ಕೂರಿಸಿ ಚೀಟಿ ಕಟ್ಟಿದರು. ಇಪ್ಪತ್ತು ಎರಡ್ಲೆ ನಲವತ್ತು ಸಾವಿರ. ಪ್ರತಿ ತಿಂಗಳು ಒಬ್ಬರಿಗೆ. ಮೊದಲನೆಯವಳು ಹೊಲಿಗೆ ಮಿಷನ್ ಮತ್ತು ಓವರ್‌ಲಾಕ್ ಮಿಷನ್ ತಂದಳು. ಇನ್ನೊಬ್ಬಳು ಸ್ವಲ್ಪ ಸೇರಿಸಿ ಹಸು ಕಟ್ಟಿದಳು, ಈಗ ಡೈರಿಗೆ ಹಾಲು ಹಾಕುತ್ತಾಳೆ, ಹದಿನೈದು ದಿನಕ್ಕೊಂದು ಸಲ ಬಟವಾಡೆ. ಮತ್ತೊಬ್ಬಳು ಬಂಡೂರು ಕುರಿಮರಿಗಳನ್ನು ತಂದು ಮೇಯಿಸುತ್ತಾಳೆ, ಹಬ್ಬದ ಮುಂದೆ ಮಾರುತ್ತಾಳೆ. ಒಬ್ಬಳು ಸಂಘದ ಸಾಲ ತೀರಿಸಿದಳು. ಅದೂ ಸಂಪಾದನೆಯೇ ಅನ್ನುವುದು ನನ್ನ ಲೆಕ್ಕ. ವಾರ ವಾರ ಬಾಗಿಲಿಗೆ ಬಂದು ಕೂರುವವರು ತಪ್ಪಿದರಲ್ಲ.

"ಒಂದೇ ತೊಂದರೆ" ಅಂದರು ಜಯಕ್ಕ. "ದುಡ್ಡು ಹೇಳಿದ ದಿನಕ್ಕೆ ಬರಬೇಕು. ಒಂದೊಂದು ಸಲ ಎರಡು ತಿಂಗಳದ್ದು ಸೇರಿ ಬರುತ್ತದೆ. ಬರದ ತಿಂಗಳು ಚೀಟಿ ಕಟ್ಟೋಕೆ ಬಡ್ಡಿಗೆ ತರಬೇಕು. ಕೊಡುವವರಿಗೆ ಅದು ಬರೀ ತಡ. ನಮಗೆ ನೂರಕ್ಕೆ ಐದು ರೂಪಾಯಿ ಬಡ್ಡಿ."

ಹನ್ನೆರಡು ವರ್ಷದವರು ಯಾಕೆ ಗೆದ್ದರು ಅಂತ ನನಗೆ ಆಗ ಸರಿಯಾಗಿ ಹೊಳೆಯಿತು. ಮುಂದಿನ ತಿಂಗಳೂ ಬರುತ್ತದೆ ಅನ್ನುವ ಧೈರ್ಯ ಇದ್ದರೆ ತಾನೇ ಇಪ್ಪತ್ತು ತಿಂಗಳ ಚೀಟಿಗೆ ಯಾರಾದರೂ ಕೈ ಹಾಕುವುದು?

ಮೇಷ್ಟ್ರು ನಮ್ಮನ್ನು ಪರೀಕ್ಷೆಗೆ ಕೂರಿಸಿದರು. "ಈಗ ನಲವತ್ತು ಸಾವಿರ ಕೈಗೆ ಬಂತು ಅಂದುಕೊಳ್ಳಿ. ಏನು ಮಾಡುತ್ತೀರಿ?"

"ಬುಲೆಟ್ಟಿಗೆ ಡೌನ್‌ಪೇಮೆಂಟು" ಅಂದ ರಾಜು, ಒಂದು ಕ್ಷಣವೂ ಯೋಚನೆ ಮಾಡದೆ. ಮೇಷ್ಟ್ರು ತಾವೇ ಕೇಳಿದ ಪ್ರಶ್ನೆಗೆ ಕಾಶಿ ಯಾತ್ರೆ ಅಂದರು. ನಾನು ಟಿವಿ ಅನ್ನುವುದರಲ್ಲಿದ್ದೆ, ಜಯಕ್ಕನ ಮುಖ ನೋಡಿ ನುಂಗಿಕೊಂಡೆ. ಗೌಡರು ಮಾತ್ರ ಗಂಭೀರವಾಗಿ ಮುಂದಕ್ಕೆ ಬಾಗಿದರು.

"ಜಯಕ್ಕಾ, ನಿಮ್ಮ ಮುಂದಿನ ಚೀಟಿಗೆ ನನ್ನನ್ನೂ ಸೇರಿಸಿಕೊಳ್ಳಿ. ಹೇಗೂ ಆ ಬ್ಯಾಂಕಿನಲ್ಲಿ ದುಡ್ಡು ಬಿದ್ದಿದೆಯಂತಲ್ಲ."

"ಗಂಡಸರನ್ನು ಸೇರಿಸಿಕೊಳ್ಳುವುದಿಲ್ಲ ಗೌಡ್ರೇ. ಮೊದಲನೇ ಚೀಟಿ ಎತ್ತಿಕೊಂಡವರು ಎರಡನೇ ತಿಂಗಳು ಕೈಗೇ ಸಿಗುವುದಿಲ್ಲ. ನಿಮ್ಮ ಮನೆಯವರು ಆಗಲೇ ಸೇರಿದ್ದಾರೆ, ಆ ಬ್ಯಾಂಕಿನ ದುಡ್ಡಿನಲ್ಲೇ."